ಸಾಹೇಬರು ಬಂದಾಗ ಆರುವ ದೀಪ

ವಾರ್ಡಿನ ಚಾವಣಿಯ ಮಂದ ನೇರಳೆ ಬೆಳಕಿನಲ್ಲಿ ಆಯಾಳ ಅಂಗೈ ಹಸಿರಾಗಿ ಹೊಳೆಯಿತು. ಆಕೆ ನಾಲಿಗೆ ಕಚ್ಚಿಕೊಂಡು ನಲ್ಲಿಯ ಕಡೆ ನಡೆದಳು. ಬೆರಳ ಸಂದು, ಉಗುರ ಬುಡ, ಹೆಬ್ಬೆರಳ ಸುತ್ತ ಸಾಬೂನು ಉಜ್ಜಿ ತೊಳೆದು ಬಂದಾಗ ಹಸಿರು ಮಾಯವಾಗಿತ್ತು.

ಇದು ಸೋಂಕುದೀಪ. ವಾರ್ಡಿಗೆ ಬರುವವರ ಕೈಮೇಲೆ ಬಾಗಿಲಲ್ಲೇ ಮಂಜಿನಂಥ ದ್ರವ ಬೀಳುತ್ತದೆ. ಅದು ರೋಗ ತರುವ ಸೂಕ್ಷ್ಮಾಣುಗಳಿಗೆ ಅಂಟಿಕೊಂಡು ನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ಕಾಣದ್ದನ್ನು ಕಾಣಿಸಿಬಿಟ್ಟರೆ ಜನ ಕೈ ತೊಳೆಯದೆ ಎಲ್ಲಿಗೆ ಹೋದಾರು ಎಂದು ವಿಜ್ಞಾನಿ ನೀಲಗಂಗಾ ಹೊಸಮನಿ ಇದನ್ನು ಕಂಡುಹಿಡಿದಿದ್ದಳು.

ಈಗ ಅದೇ ದೀಪದ ಕೆಳಗೆ ಅವಳ ಚಿಗವ್ವ ಗೌರವ್ವ ಜ್ವರದಿಂದ ನರಳುತ್ತಿದ್ದಳು. ಹರ್ನಿಯಾ ಆಪರೇಷನ್ ಚೆನ್ನಾಗಿಯೇ ಆಗಿತ್ತು, ಗಾಯದಲ್ಲಿ ಮಾತ್ರ ಕೀವು ತುಂಬಿತ್ತು. ಹಳೆಯ ಆಂಟಿಬಯೋಟಿಕ್‌ಗಳೆಲ್ಲ ಸೋತುಹೋಗಿದ್ದ ಕಾಲವದು. ಉಳಿದ ಔಷಧಿಗಳೂ ಒಂದೊಂದಾಗಿ ಕೈಕೊಡುತ್ತಿದ್ದವು. ಅಕ್ಕಪಕ್ಕದ ಮಂಚಗಳಲ್ಲೂ ಅದೇ ಕಥೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ತನ್ನನ್ನು ನೋಡಿಯೇ ಕಟ್ಟಿರಬೇಕು ಎಂದು ನೀಲಗಂಗಾಳಿಗೆ ಮೈಯೆಲ್ಲ ಉರಿಯಿತು. ದ್ರವ ಪರೀಕ್ಷಿಸಿದಳು, ಬೆಳಕು ಅಳೆದಳು, ಎಂಜಿನಿಯರುಗಳ ಜೀವ ತಿಂದಳು. ಯಂತ್ರದಲ್ಲಿ ದೋಷವಿರಲಿಲ್ಲ. ಕೊನೆಗೆ ಬೇಸತ್ತು ಚಿಗವ್ವನ ಪಕ್ಕ ಸ್ಟೂಲು ಹಾಕಿಕೊಂಡು ಕೂತುಬಿಟ್ಟಳು.

ಬೆಳಿಗ್ಗೆ ಸರ್ಜನ್ ಸಂಗಮನಾಥ ದೇಸಾಯಿಯವರು ರೌಂಡ್ಸಿಗೆ ಬರುವ ಬೂಟಿನ ಸದ್ದು ಕೇಳಿತು. ಎಲ್ಲರೂ ಎದ್ದು ನಿಂತರು, ನೀಲಗಂಗಾಳೂ ಕೈಕಟ್ಟಿ ನಿಂತಳು. ಅಷ್ಟರಲ್ಲಿ ಹೆಡ್ ಸಿಸ್ಟರ್ ರೋಹಿಣಿಯ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು. ನೇರಳೆ ಬೆಳಕು ಆರಿತು. ಡಾಕ್ಟರು ಫೋನ್ ಜೇಬಿಗಿಳಿಸಿ, ಪರದೆ ಸರಿಸಿ, ಒಬ್ಬರ ಗಾಯ ಒತ್ತಿದ ಬೆರಳಿನಿಂದಲೇ ಮುಂದಿನವರ ಗಾಯವನ್ನೂ ಒತ್ತುತ್ತ, ಎಲ್ಲರನ್ನೂ ಅಕ್ಕರೆಯಿಂದ ಮಾತಾಡಿಸುತ್ತ ಗೌರವ್ವನನ್ನೂ ನೋಡಿ ಹೋದರು. ಅವರು ಆಚೆ ಹೋದ ಮೇಲೆ ದೀಪ ಮತ್ತೆ ಹತ್ತಿತು.

ನೀಲಗಂಗಾ ಸಿಸ್ಟರನ್ನು ತಡೆದು ಕೇಳಿದಳು. ರೋಹಿಣಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

“ಅಷ್ಟು ದೊಡ್ಡ ಡಾಕ್ಟ್ರು. ಪೇಷಂಟ್ ಮುಂದ ಅವ್ರ ಕೈ ಹಸರ ಕಂಡ್ರ ಮರ್ಯಾದಿ ಏನ್ ಉಳಿತೈತ್ರಿ, ಮೇಡಂ? ದೀಪ ಬಂದ ದಿನದಿಂದ ಹಿಂಗ ಮಾಡ್ಕೋತ ಬಂದೀವಿ.”

ನೀಲಗಂಗಾ ಕಿಡಿಕಿಡಿಯಾಗಿ ಡಾಕ್ಟರ ಕೋಣೆಗೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಅವರು ನಗುತ್ತ ಕೂರಲು ಹೇಳಿದರು.

“ನಿಮ್ಮ ದೀಪ ಛಲೋ ಐತ್ರಿ. ಎಲ್ಲಾರ ಕೈನೂ ಹಸರ ಆಗ್ತಾವಂತ, ನಂದು ಒಂದ ದಿನಾನೂ ಆಗಿಲ್ಲ. ಹಿಂಗಾಗಿ ನನಗ ಆ ಚಿಂತಿನ ಇಲ್ಲ.”

ಜಗಳಕ್ಕೆ ಬಂದವಳು ಕುರ್ಚಿಯಲ್ಲಿ ಕೂತಳು. ಈ ಮನುಷ್ಯನಿಗೆ ಗೊತ್ತೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರ ಮುಖ ಇಳಿಯಿತು. ಎದ್ದು ನೇರ ವಾರ್ಡಿಗೆ ಬಂದು ದೀಪದ ಕೆಳಗೆ ಎರಡೂ ಕೈ ಚಾಚಿದರು. ಮಣಿಕಟ್ಟಿನವರೆಗೂ ಹಸಿರು. ನಲ್ಲಿಗೆ ಹೋಗಿ ಬಹಳ ಹೊತ್ತು ತೊಳೆದರು. ರೋಹಿಣಿ ನೆಲ ನೋಡುತ್ತ ನಿಂತಿದ್ದಳು.

“ನಾ ಕೈ ತೊಳೀದ ಮುಟ್ಟೂದನ್ನ ಇಷ್ಟ ಮಂದಿ ನೋಡೀರಿ,” ಎಂದರು ಡಾಕ್ಟರು, ಕೈ ಒರೆಸಿಕೊಳ್ಳುತ್ತ. “ಒಬ್ಬರರ ಹೇಳಬಾರದಿತ್ತ?”

ಮಂಚದ ಮೇಲಿಂದ ಗೌರವ್ವ ಕ್ಷೀಣವಾಗಿ ಹೇಳಿದಳು: “ನಾನೂ ನೋಡೇನ್ರಿ ಯಪ್ಪಾ. ದೊಡ್ಡವರಿಗೆ ಹೆಂಗ ಹೇಳೂದು?”

ನೀಲಗಂಗಾ ತಲೆ ತಗ್ಗಿಸಿದಳು. ಬೆಳಿಗ್ಗೆ ಆ ಬೆರಳು ಚಿಗವ್ವನ ಗಾಯದ ಮೇಲೆ ಊರುವಾಗ ಅವಳೂ ಅಲ್ಲೇ ಕೈಕಟ್ಟಿ ನಿಂತಿದ್ದಳು.

ಸಂಜೆ ಗೌರವ್ವನಿಗೆ ಕೊನೆಯದಾಗಿ ಉಳಿದಿದ್ದ ಔಷಧಿ ಶುರು ಮಾಡಿದರು. ಅದು ಹತ್ತುತ್ತದೋ ಇಲ್ಲವೋ ಯಾರೂ ಹೇಳಲಿಲ್ಲ. ಸ್ವಿಚ್ಚಿಲ್ಲದ ದೀಪ ಮಾಡಿಕೊಡಿ ಎಂದು ಆಸ್ಪತ್ರೆಯ ಆಡಳಿತದವರು ಕೇಳಿದರು. ಸ್ವಿಚ್ಚು ಕಿತ್ತು ತಂತಿ ಜೋಡಿಸಿದರೆ ಆಗುವ ಕೆಲಸ. ನೀಲಗಂಗಾ ಆಗಲಿ ಎಂದಳೇ ಹೊರತು ಅವಳಿಗೆ ಉತ್ಸಾಹವಿರಲಿಲ್ಲ. ಈ ದೀಪ ಹುಟ್ಟುವ ಎಷ್ಟೋ ವರ್ಷ ಮೊದಲೂ ವಾರ್ಡುಗಳಲ್ಲಿ ನಲ್ಲಿಯಿತ್ತು, ಸಾಬೂನಿತ್ತು, ಮಲಗಿದವರಿಗೂ ಪಕ್ಕ ನಿಂತವರಿಗೂ ಬಾಯಿಯಿತ್ತು. “ಸಾಹೇಬ್ರ, ಒಮ್ಮೆ ಕೈ ತೊಳ್ಕೊಂಡ ಬರ್ರಿ” ಅನ್ನುವುದಕ್ಕೆ ಆಗಲೂ ಯಾವ ದೀಪವೂ ಬೇಕಿರಲಿಲ್ಲ.