ತೆಳು ತಳದ ವೆಡ್ಜ್

ಕೊನೆಯ ಗ್ರೀನನ್ನು ಯಾರೋ ಕೊಚ್ಚಿ ಹಾಕಿದ್ದರು.

ಬೆಳಗ್ಗೆ ಮೊದಲು ಕಂಡವನು ಮಾಲಿ. ಓಡಿಹೋಗಿ ಕ್ಲಬ್ಬಿಗೆ ತಿಳಿಸಿದವನೂ ಅವನೇ. ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಆರೋಪಿಯೂ ಅವನೇ ಆಗಿದ್ದ.

ಗಾಲ್ಫ್ ಮೈದಾನದಲ್ಲಿ ಕುಳಿಯ ಸುತ್ತ ಜಮಖಾನ ಹಾಸಿದಂತೆ ಬೆಳೆಸುವ ಹುಲ್ಲು ಗ್ರೀನ್. ಆ ಜಮಖಾನದ ತುಂಬ ಈಗ ಗಾಯಗಳು. ಇನ್ಸ್‌ಪೆಕ್ಟರ್ ಮಂಡಿಯೂರಿ ಒಂದರೊಳಗೆ ಬೆರಳಿಟ್ಟಳು. ಕಿರಿದು, ಆಳ, ಮಚ್ಚಿನಿಂದ ಕಡಿದ ಹಾಗೆ. ಕುಳಿಯೊಳಗಿನ ತಗಡಿನ ಬಟ್ಟಲಿನ ಅಂಚಿನಲ್ಲೂ ಹೊಳೆಯುವ ಹೊಸ ಪೆಟ್ಟಿತ್ತು.

ಕ್ಲಬ್ಬಿನ ಅಧ್ಯಕ್ಷರು ಮಣ್ಣು ಮೆತ್ತಿದ ವೆಡ್ಜ್ ಒಂದನ್ನು ಮುಂದೆ ಹಿಡಿದರು. ಹತ್ತಿರದಿಂದ ಚೆಂಡನ್ನು ಎತ್ತಿ ಕುಳಿಯ ಬಳಿ ಇಳಿಸುವ ಕೋಲು ಅದು. ಮಾಲಿಯ ಶೆಡ್ಡಿನಲ್ಲಿ ಸಿಕ್ಕಿತಂತೆ.

"ನಿನ್ನೆ ಫೈನಲ್‌ನಲ್ಲಿ ನಾನು ಸೋತಾಗ ಇವನು ನಕ್ಕ. ಎಲ್ಲರೆದುರು ಗದರಿದೆ. ಅದಕ್ಕೆ ಈ ಸೇಡು."

ಮಾಲಿ ತಲೆ ಎತ್ತಲಿಲ್ಲ. ಹಿಡಿಕೆ ಹರಿದದ್ದೆಂದು ಕ್ಲಬ್ಬಿನ ಅಂಗಡಿಯವನು ಕೊಟ್ಟ ಕೋಲು, ಚರಂಡಿಗೆ ಬಿದ್ದ ಚೆಂಡು ತೆಗೆಯಲು ಇಟ್ಟುಕೊಂಡದ್ದು ಎಂದಷ್ಟೇ ಹೇಳಿದ.

ಇನ್ಸ್‌ಪೆಕ್ಟರ್ ಕೋಲನ್ನು ತಿರುಗಿಸಿ ನೋಡಿದಳು. ತಳ ಅಗಲವಾಗಿ ಉಬ್ಬಿತ್ತು. ಏನೋ ನೆನಪಾಯಿತು.

* * *

ಕಾರ್ಯದರ್ಶಿ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಕಪ್ ಗೆದ್ದವನಿಗೂ ಅಧ್ಯಕ್ಷರಿಗೂ ಮಾತಿಗೆ ಮಾತು ಬೆಳೆದಿತ್ತಂತೆ. ಅವಳು ವಿಚಾರಿಸಿದಳು. ಗೆದ್ದವನು ನಿನ್ನೆ ಸಂಜೆಯ ರೈಲಿಗೇ ಊರು ಬಿಟ್ಟಿದ್ದ. ಆ ದಾರಿ ಅಲ್ಲಿಗೇ ಮುಚ್ಚಿತು.

ಕ್ಲಬ್ಬಿನ ಅಂಗಡಿಗೆ ಹೋಗುವ ದಾರಿಯಲ್ಲಿ ಮಾಲಿಯ ಮನೆ. ಮಂಚ, ಪಾತ್ರೆ, ಹೊಲಿಗೆ ಯಂತ್ರ, ಎಲ್ಲವೂ ಹೊರಗೆ ಬಿದ್ದಿದ್ದವು. ಅವನ ಹೆಂಡತಿ ಟ್ರಂಕಿನ ಮೇಲೆ ಕೂತಿದ್ದಳು. ಕೆಲಸ ಹೋಯಿತು, ಮನೆಯೂ ಬಿಡಿ ಎಂದು ಅಧ್ಯಕ್ಷರು ಆಗಲೇ ಆಳು ಕಳಿಸಿದ್ದರಂತೆ.

"ನೀವಿನ್ನೂ ವಿಚಾರಣೆ ಮಾಡ್ತಿದ್ದೀರಿ. ಅವರದ್ದು ಮುಗಿದೇ ಹೋಯ್ತು" ಎಂದಳು.

ಇನ್ಸ್‌ಪೆಕ್ಟರ್ ಅಂಗಡಿಯತ್ತ ಬಿರುಸಾಗಿ ನಡೆದಳು.

ಹೋದ ವಾರ ಅವಳೇ ಇದೇ ಅಂಗಡಿಗೆ ವೆಡ್ಜ್ ಕೊಳ್ಳಲು ಬಂದಿದ್ದಳು. ರಜೆ ಸಿಕ್ಕಾಗ ಆಡುತ್ತಾಳೆ; ಕುಳಿ ಹತ್ತಿರವಾದಷ್ಟೂ ಕೆಟ್ಟದಾಗಿ ಆಡುತ್ತಾಳೆ. ಅಂಗಡಿಯವನು ಅವಳಿಂದ ನಾಲ್ಕು ಏಟು ಹೊಡೆಸಿ ನೋಡಿ, "ಮೇಡಂ, ನೀವು ನೆಲ ಅಗಿಯೋ ಪೈಕಿ. ಅಗಲ ತಳದ್ದು ತಗೊಳ್ಳಿ, ಹುಲ್ಲಿನ ಮೇಲೆ ಜಾರುತ್ತೆ. ತೆಳು ತಳದ್ದು ಕೊಟ್ರೆ ಬಾವಿ ತೋಡ್ತೀರಿ" ಎಂದಿದ್ದ. ಅವಳ ಮುಖ ಸಣ್ಣದಾಗಿತ್ತು. ಆದರೂ ಅಗಲ ತಳದ್ದನ್ನೇ ಕೊಂಡಿದ್ದಳು.

ಇವತ್ತು ಅವಳ ಪ್ರಶ್ನೆ ಒಂದೇ. ತೆಳು ತಳದ್ದು ಯಾರ ಬಳಿ ಇದೆ?

"ಒಬ್ಬರಿಗೇ ತರಿಸಿಕೊಟ್ಟಿದ್ದು. ನಿಮ್ಮ ಕೈಗೆ ಆಗಿಬರಲ್ಲ ಸರ್ ಅಂತ ಬಡ್ಕೊಂಡೆ. ಟೀವೀಲಿ ಆಡೋರ ಹತ್ರ ಇರೋದೇ ಬೇಕು ಅಂದ್ರು."

* * *

ಎಲ್ಲರನ್ನೂ ಗ್ರೀನಿನ ಪಕ್ಕಕ್ಕೆ ಕರೆಸಿದಳು. ಮಾಲಿಯ ವೆಡ್ಜನ್ನು ಅಧ್ಯಕ್ಷರ ಕೈಗಿತ್ತು, ಶಕ್ತಿಯೆಲ್ಲ ಹಾಕಿ ನೆಲಕ್ಕೆ ಹೊಡೆಯಲು ಹೇಳಿದಳು. ಅವರು ಹೊಡೆದರು. ಉಬ್ಬಿದ ತಳ ಹುಲ್ಲಿನ ಮೇಲೆ ಜಾರಿತು. ಮತ್ತೆ ಹೊಡೆದರು. ಹುಲ್ಲು ಬಾಚಿದಂತಾಯಿತು, ಅಷ್ಟೆ.

ಅವಳು ಅಧ್ಯಕ್ಷರ ಚೀಲದಿಂದ ಫಳಫಳ ಹೊಳೆಯುವ ವೆಡ್ಜೊಂದನ್ನು ಎಳೆದಳು.

"ಒಂದೇ ಏಟು ಹೊಡೀತೀನಿ, ಯಜಮಾನರೇ" ಎಂದಳು ಮಾಲಿಗೆ. ಅವನು ಮುಖ ತಿರುಗಿಸಿಕೊಂಡ.

ಹೊಡೆದಳು. ಮಣ್ಣಿನ ಹೆಂಟೆ ಹಾರಿತು. ಕಿರಿದಾದ, ಆಳವಾದ ಗಾಯ.

"ಚೆನ್ನಾಗಿ ತೊಳೆದಿದ್ದೀರಿ ಸರ್. ಆದರೆ ಅಂಚಿನ ಮುಕ್ಕು ತೊಳೆದರೆ ಹೋಗಲ್ಲ."

ಗ್ರೀನಿನ ಮೇಲೆ ಹೋಗಿ, ಕುಳಿಯ ಬಟ್ಟಲಿಗೆ ಬಿದ್ದ ಪೆಟ್ಟಿನ ಮೇಲೆ ಆ ಮುಕ್ಕನ್ನು ಇಟ್ಟಳು. ಬೀಗಕ್ಕೆ ಕೀಲಿ ಕೂತಂತೆ ಕೂತಿತು.

ಉಳಿದದ್ದನ್ನು ಅವಳೇ ಬಿಡಿಸಿ ಹೇಳಿದಳು. ನಿನ್ನೆ ಇಲ್ಲೇ, ಜನರೆದುರು, ಅಧ್ಯಕ್ಷರ ಕೋಲು ಮತ್ತೆ ಮತ್ತೆ ನೆಲಕ್ಕೆ ಕಚ್ಚಿಕೊಂಡಿತು. ಚೆಂಡು ಅಲುಗಲಿಲ್ಲ. ಕಪ್ ಕೈತಪ್ಪಿತು. ಕೋಲು ಆರಿಸಿದ್ದೇ ತಪ್ಪು ಎಂದು ಒಪ್ಪಲು ಮನಸ್ಸಿಲ್ಲ. ಎಲ್ಲರೂ ಹೋದ ಮೇಲೆ ಬಂದು ಹುಲ್ಲಿನ ಮೇಲೆ ಸಿಟ್ಟು ತೀರಿಸಿಕೊಂಡರು. ಆಮೇಲೆ ಮಾಲಿಯ ಕೋಲಿಗೆ ಮಣ್ಣು ಮೆತ್ತಿದರು. ವೆಡ್ಜ್ ಎಲ್ಲ ಒಂದೇ, ಯಾರಿಗೆ ಗೊತ್ತಾಗುತ್ತೆ ಅಂದುಕೊಂಡರು. ಅಂಗಡಿಯಲ್ಲಿ ಮಾಡಿದ ತಪ್ಪನ್ನೇ ಇಲ್ಲೂ ಮಾಡಿದರು.

"ಅವನು ನಕ್ಕ" ಎಂದರು ಅಧ್ಯಕ್ಷರು. ಅವರ ಹತ್ತಿರ ಅಷ್ಟೇ ಉಳಿದಿತ್ತು.

"ನಕ್ಕರೆ ಮನೆ ಖಾಲಿ ಮಾಡಿಸ್ತೀರಾ? ಆ ಮಂಚ, ಪಾತ್ರೆ ಎಲ್ಲ ಒಳಗೆ ಹೋಗಬೇಕು. ಈಗಲೇ. ಆಮೇಲೆ ಠಾಣೆಗೆ ನಡೀರಿ."

ಅಧ್ಯಕ್ಷರು ಕಾರ್ಯದರ್ಶಿಯತ್ತ ತಿರುಗಿ, ಹೊಸ ಹುಲ್ಲಿನ ಖರ್ಚು ತಮ್ಮದೇ, ಇದನ್ನು ಇಲ್ಲಿಗೇ ಬಿಡೋಣ ಎಂದು ತಗ್ಗಿದ ದನಿಯಲ್ಲಿ ಶುರುಮಾಡಿದರು.

ಆಗ ಮಾಲಿ ಬಾಯಿ ಬಿಟ್ಟ.

"ನಕ್ಕಿದ್ದೆ. ನಗು ಬರೋ ಹಾಗೆ ಆಡಿದ್ರಿ, ನಕ್ಕೆ." ಗ್ರೀನಿನ ಮೇಲೆ ನಿಂತಿದ್ದ ಬೂಟುಗಳನ್ನು ಒಂದೊಂದಾಗಿ ನೋಡಿದ. "ಈ ಹುಲ್ಲು ಕೂಡೋ ತನಕ ಇಲ್ಲಿ ಯಾರೂ ಕಾಲಿಡಕೂಡದು. ಎಲ್ಲರೂ ಇಳೀರಿ. ನೀವೂನು, ಮೇಡಂ."

ಮೊದಲು ಇಳಿದವಳು ಇನ್ಸ್‌ಪೆಕ್ಟರ್.