ಗೋಣಿಯೊಳಗಿನ ಮುಖ

"ಒಂದೇ ಒಂದು ಸಲ ಗೋಣಿ ಎತ್ತಿ ಮುಖ ತೋರಿಸಿಬಿಡಿ, ದಣಿ. ಆ ಮುದುಕಿಯ ಬಾಯಿಗೆ ಮಾತ್ರ ಬೀಳಬೇಡಿ."

ಚುಕ್ಕಾಣಿ ಹಿಡಿಯುವ ಮುದುಕ ದನಿ ತಗ್ಗಿಸಿ ಹೀಗೆಂದಾಗ ದಳಪತಿ ನಕ್ಕುಬಿಟ್ಟ. ಕಡಲ್ಗಳ್ಳರನ್ನು ಬೇರುಸಮೇತ ಕಿತ್ತೊಗೆಯಲೆಂದೇ ಕಟ್ಟಿದ ನೌಕಾಪಡೆಗೆ ಅವನು ಹೊಸಬ. ಹಿಂದಿನ ದಳಪತಿ ಹಿಡಿದವರನ್ನೆಲ್ಲ ಕೂರಿಸಿಕೊಂಡು ವಿಚಾರಣೆ ನಡೆಸಿ, ಸಾಕ್ಷಿ ಕರೆಸಿ, ಅರ್ಧಕ್ಕರ್ಧ ಜನರನ್ನು ಬಿಟ್ಟು ಕಳಿಸಿ, ಕೊನೆಗೆ ಕೆಲಸವನ್ನೇ ಕಳೆದುಕೊಂಡಿದ್ದ. ಇವನು ಬಂದವನೇ ಹೊಸ ಪದ್ಧತಿ ತಂದ. ಸಿಕ್ಕವನನ್ನು ದೋಣಿಯಲ್ಲೇ ಹಿಂದಿನಿಂದ ಹಿಡಿದು, ಬಾಯಿಗೆ ನಾರು ತುರುಕಿ, ತಲೆಗೆ ಗೋಣಿಚೀಲ ಎಳೆಯಬೇಕು. ಆ ಗೋಣಿ ಬಿಚ್ಚುವುದು ನೇಣಿನಿಂದ ಹೆಣ ಇಳಿಸಿದ ಮೇಲೆಯೇ, ಅದೂ ಇನ್ನೊಬ್ಬನ ತಲೆಗೆ ಬೇಕಾಗುತ್ತದೆಂದು. ಮುಖ ನೋಡಿದರೆ ಕೈ ನಡುಗುತ್ತದೆ, ಮಾತು ಕೇಳಿದರೆ ಮನಸ್ಸು ಕರಗುತ್ತದೆ ಎನ್ನುವುದು ಅವನ ವಾದ. ನಾವಿಕರು ಬೆನ್ನ ಹಿಂದೆ ಅವನನ್ನು ಗೋಣಿ ದಳಪತಿ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಅವನಿಗೆ ಖುಷಿಯೇ ಆಗಿತ್ತು.

ಮುದುಕಿ ಹಡಗಿನ ಮಗ್ಗುಲಲ್ಲಿ ಒಂದು ಸಣ್ಣ ದೋಣಿಯಲ್ಲಿ ನಿಂತಿದ್ದಳು. ಎದುರು ದಡದಲ್ಲಿ ಬಲೆ ಹೆಣೆದು ಬದುಕುವವಳು. ಅವಳ ಬೆರಳುಗಳು ಸುಮ್ಮನಿದ್ದಾಗಲೂ ಗಂಟು ಹಾಕುವಂತೆ ಆಡುತ್ತಿದ್ದವು.

"ನನ್ನ ಮಗ ಮೀನಿಗೆ ಹೋದವನು ಮನೆಗೆ ಬಂದಿಲ್ಲ," ಎಂದಳು. "ಅಲ್ಲಿ ನಿಲ್ಲಿಸಿದೀರಲ್ಲ, ಅವನ ಗೋಣಿ ಎತ್ತಿ. ನನ್ನವನೋ ಅಲ್ಲವೋ ನೋಡ್ಕೊಂಡು ಹೋಗ್ತೀನಿ."

"ನಿನ್ನವನಲ್ಲದಿದ್ರೆ ನಿನಗೇನು ಕೆಲಸ? ನಿನ್ನವನೇ ಆಗಿದ್ರೆ ಕಳ್ಳನ ತಾಯಿ ಅಂತ ನಿನ್ನನ್ನೂ ಪಕ್ಕದಲ್ಲೇ ಏರಿಸಬೇಕಾಗುತ್ತೆ. ಯಾವುದು ಬೇಕು, ನೀನೇ ಹೇಳು," ಎಂದ ದಳಪತಿ. ನಾವಿಕರು ನಕ್ಕರು. ಅವನು ಕೈ ಬೀಸಿದ. ಹಗ್ಗ ಬಿಗಿಯಿತು.

ಕಾಲಿನ ಒದ್ದಾಟ ನಿಂತ ಮೇಲೆ ಗೋಣಿ ಬಿಚ್ಚಿ ಹೆಣವನ್ನು ಅವಳ ದೋಣಿಗೇ ಇಳಿಸಿದರು. ಅವಳ ಮಗನೇ. ಮುದುಕಿ ಅಳಲಿಲ್ಲ. ಮಗನ ಕೊರಳಲ್ಲಿ ಉಳಿದಿದ್ದ ಹಗ್ಗದಿಂದ ಒಂದು ಎಳೆ ಕಿತ್ತಳು. ಅದನ್ನು ಅವನ ತಣ್ಣಗಾದ ಕಣ್ಣುಗಳ ಮೇಲೆ ಎಳೆದು, ಬಾಯಲ್ಲಿ ಏನನ್ನೋ ಗೊಣಗುತ್ತಾ ಎರಡು ಗಂಟು ಹಾಕಿದಳು. ಕೂದಲು ಸುಟ್ಟ ವಾಸನೆ ಹಡಗಿನವರೆಗೂ ಬಂತು. ಬೆಂಕಿ ಎಲ್ಲೂ ಇರಲಿಲ್ಲ.

"ಎರಡು ಗಂಟು, ನಿನ್ನ ಎರಡು ಕಣ್ಣಿಗೆ," ಎಂದಳು. "ಇನ್ನು ನೀನು ಎತ್ತೋ ಗೋಣಿಯೊಳಗೆಲ್ಲ ನಿನ್ನವನೇ ಸಿಗಲಿ. ಉಸಿರು ನಿಂತ ಮೇಲೆ ಬೇರೆಯವನಾಗಲಿ."

"ಹಗ್ಗ ಹಾಳು ಮಾಡಬೇಡವೇ, ಇನ್ನೂ ಬೇಕಾಗುತ್ತೆ," ಎಂದ ದಳಪತಿ. ಈ ಸಲ ಯಾರೂ ನಗಲಿಲ್ಲ. ಚುಕ್ಕಾಣಿಯ ಮುದುಕ ಮುಖ ತಿರುಗಿಸಿಕೊಂಡ.

ದಳಪತಿಗೆ ತನ್ನವನೆಂದು ಲೋಕದಲ್ಲಿ ಇದ್ದವನು ಒಬ್ಬನೇ, ಅವನ ತಮ್ಮ. ತಾಯಿ ಸಾಯುವಾಗ ತಮ್ಮನ ಕೈಯನ್ನು ಇವನ ಕೈಯಲ್ಲಿಟ್ಟು ಕಣ್ಣು ಮುಚ್ಚಿದ್ದಳು. ಅಂದಿನಿಂದ ತಾನು ಅರೆಹೊಟ್ಟೆ ಉಂಡು ಅವನನ್ನು ಸಾಕಿದ್ದ, ಕೈ ಹಿಡಿದು ಹಾಯಿ ಕಟ್ಟುವುದನ್ನು ಕಲಿಸಿದ್ದ, ತನ್ನ ಹಡಗಿನಲ್ಲೇ ಕೆಲಸಕ್ಕೆ ಇಟ್ಟುಕೊಂಡಿದ್ದ. ತಮ್ಮನಿಗೆ ಚಿಕ್ಕಂದಿನಲ್ಲಿ ಬಿದ್ದು ಹುಬ್ಬು ಸೀಳಿತ್ತು. ನಕ್ಕಾಗ ಆ ಹುಬ್ಬು ಮಾತ್ರ ಮೇಲೇರುತ್ತಿತ್ತು. ಊರನ್ನೆಲ್ಲ ನಡುಗಿಸುವ ದಳಪತಿ ಆ ಹುಬ್ಬು ಏರಿದರೆ ಕರಗಿ ನೀರಾಗುತ್ತಿದ್ದ.

ಮುಂದಿನ ಕಳ್ಳ ಸಿಕ್ಕಾಗ ದಳಪತಿ ಚುಕ್ಕಾಣಿಯವನನ್ನು ಕರೆದ. "ಬಾರಯ್ಯಾ, ನಿನ್ನ ಮುದುಕಿಯ ಮಾಟ ನೋಡೋಣ," ಎಂದು ತಮಾಷೆ ಮಾಡುತ್ತಾ ಗೋಣಿಯ ಅಂಚೆತ್ತಿ ಒಳಗೆ ಬಗ್ಗಿದ.

ಒಳಗೆ ಕತ್ತಲು. ಕೊಳೆತ ನಾರಿನ, ಬೆವರಿನ, ಕೂದಲು ಸುಟ್ಟ ವಾಸನೆ. ಆ ಕತ್ತಲಲ್ಲಿ ತಮ್ಮನ ಮುಖ.

ಸೀಳಿದ ಹುಬ್ಬು. ನಾರು ತುರುಕಿದ ಬಾಯಿ. ಕಣ್ಣಲ್ಲಿ ನೀರು. ದಳಪತಿ ಗೋಣಿ ಬಿಟ್ಟು ತಮ್ಮನ ಹೆಸರು ಹಿಡಿದು ಕಿರುಚಿದ.

"ಏನಣ್ಣಾ?" ಹಿಂದೆ ಹಾಯಿ ಸುತ್ತುತ್ತಿದ್ದ ತಮ್ಮ ಓಡಿ ಬಂದ.

ದಳಪತಿ ಅವನ ಕೆನ್ನೆ ಮುಟ್ಟಿದ, ಹುಬ್ಬು ಮುಟ್ಟಿದ. ಗೋಣಿಯೊಳಗೆ ಯಾರಿದ್ದಾರೆ ನೋಡೆಂದ. ತಮ್ಮ ಬಗ್ಗಿ ನೋಡಿ, "ಯಾರೋ ಗಡ್ಡದ ಮುದುಕ. ಯಾಕಣ್ಣಾ, ಹಾಗೆ ಕಿರುಚಿದೆ?" ಎಂದ. ನೇಣು ಹಾಕಿ ಇಳಿಸಿದ ಮೇಲೆ ದಳಪತಿ ಕಣ್ಣಾರೆ ಕಂಡ. ತಮ್ಮನ ಮುಖ ಮಸುಕಾಯಿತು, ಕದಡಿತು, ಗಡ್ಡದ ಮುದುಕನದಾಯಿತು.

ಅವತ್ತು ಕೋಣೆಯ ಬಾಗಿಲು ಹಾಕಿಕೊಂಡು ತಮ್ಮನೊಬ್ಬನಿಗೆ ವಿಷಯ ಹೇಳಿದ. ತಮ್ಮ, "ಅವಳ ಕಾಲು ಹಿಡ್ಕೋ ಅಣ್ಣಾ. ನಿನ್ನಿಂದ ಆಗದಿದ್ರೆ ನಾನು ಹೋಗ್ತೀನಿ," ಎಂದ.

"ಕಳ್ಳನ ತಾಯಿ ಕಾಲಿಗೆ ನನ್ನ ತಮ್ಮ ಬೀಳೋದಾ? ಮಾಟ ಇದ್ರೆ ಇರಲಿ ಬಿಡು. ಅದರ ಗುಟ್ಟು ನನಗೆ ಗೊತ್ತಾಯ್ತಲ್ಲ. ನೀನು ಈ ಹಡಗಲ್ಲಿ ಇರಬೇಡ, ಅಷ್ಟೇ." ಮರುದಿನವೇ ತಮ್ಮನನ್ನು ಬಂದರಿನ ಉಗ್ರಾಣಕ್ಕೆ ಕಳಿಸಿದ. ಹೊಸ್ತಿಲು ದಾಟಬೇಡ ಎಂದು ಆಣೆ ಮಾಡಿಸಿಕೊಂಡ. ತಮ್ಮ ಅಲ್ಲಿ ಭದ್ರವಾಗಿದ್ದಾನೆ ಎಂಬ ಒಂದೇ ಧೈರ್ಯದ ಮೇಲೆ ಇಲ್ಲಿ ಕೆಲಸ ಮುಂದುವರಿಸಿದ.

ಗೋಣಿ ಎತ್ತದೇ ಇದ್ದಿದ್ದರೆ ಆಗುತ್ತಿತ್ತು. ಆದರೆ ಎತ್ತದೆ ಇರಲು ಅವನಿಂದ ಆಗಲಿಲ್ಲ. ಪ್ರತಿ ಸಲವೂ ಒಬ್ಬನೇ ಹೋಗಿ ಬಗ್ಗುತ್ತಿದ್ದ. ಪ್ರತಿ ಸಲವೂ ತಮ್ಮನೇ ಅಳುತ್ತಿದ್ದ, ತಲೆ ಅಲ್ಲಾಡಿಸಿ ಬೇಡುತ್ತಿದ್ದ. ಮೊದಮೊದಲು ದಳಪತಿ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ಬೈಯತೊಡಗಿದ. ಆಮೇಲೆ ಆ ಕೆನ್ನೆಗೆ ಹೊಡೆಯತೊಡಗಿದ. ಮನುಷ್ಯನಿಗೆ ಯಾವುದು ತಾನೇ ರೂಢಿಯಾಗುವುದಿಲ್ಲ! ತಮ್ಮನ ಮುಖವನ್ನು ನೇಣಿಗೆ ಏರಿಸುವುದೂ ಅವನಿಗೆ ರೂಢಿಯಾಯಿತು. ರೂಢಿಯಾದದ್ದೇ ಗೆದ್ದಂತೆ ಎಂದುಕೊಂಡ.

ಆ ಬೆಳಿಗ್ಗೆ ಕಡಲ ಮೇಲೆ ಮಂಜು ದಟ್ಟವಾಗಿ ಕವಿದಿತ್ತು. ಹಾಯಿ ಕಟ್ಟುವ ಕೂವೆಮರವೂ ಕಾಣುತ್ತಿರಲಿಲ್ಲ. ಎಲ್ಲೋ ಹುಟ್ಟು ಹಾಕುವ ಸದ್ದು ಕೇಳಿ ಕಾವಲು ದೋಣಿಯವರು ಹೋದರು. ಪದ್ಧತಿಯಂತೆ ಹಿಂದಿನಿಂದ ಎರಗಿ, ಬಾಯಿಗೆ ನಾರು ತುರುಕಿ, ಗೋಣಿ ಎಳೆದು ಒಬ್ಬನನ್ನು ತಂದರು.

"ಎದುರು ದಡದ ದೋಣಿ, ದಣಿ. ಒಬ್ಬನೇ ಇದ್ದ. ನಮ್ಮ ಹಡಗಿನ ಕಡೆಗೇ ಬರ್ತಿದ್ದ," ಎಂದರು.

"ಗೂಢಚಾರ," ಎಂದ ದಳಪತಿ.

ಹಗ್ಗ ಸಿದ್ಧವಾಯಿತು. ಅವನು ಹತ್ತಿರ ಹೋದ. ಮೀನುಗಾರರ ಒರಟು ಅಂಗಿ. ಬೆನ್ನ ಹಿಂದೆ ಕಟ್ಟಿದ ಕೈ, ಅದರಲ್ಲಿ ಬಿಗಿದ ಮುಷ್ಟಿ. ಗೋಣಿಯ ಅಂಚೆತ್ತಿ ಬಗ್ಗಿದ.

ತಮ್ಮನ ಮುಖವೇ.

ಆದರೆ ಇದು ಅಳುತ್ತಿರಲಿಲ್ಲ. ಇವನನ್ನು ಕಂಡದ್ದೇ ಕಣ್ಣು ಅರಳಿದವು. ಸೀಳಿದ ಹುಬ್ಬು ಮೇಲೇರಿತು. ನಾರಿನ ಹಿಂದೆ ಎರಡಕ್ಷರ ಒದ್ದಾಡಿದವು. ಮುಷ್ಟಿ ಹಿಂದಿನಿಂದ ಇವನ ಕಡೆಗೆ ಚಾಚಿಕೊಳ್ಳಲು ತಿಣುಕಿತು.

ದಳಪತಿ ಒಂದು ಗಳಿಗೆ ತಡೆದ. ಕೂದಲು ಸುಟ್ಟ ವಾಸನೆ ಇವತ್ತು ಇರಲಿಲ್ಲ. ಅದು ಮೂಗಿಗೆ ತಿಳಿಯಿತು, ಮನಸ್ಸು ಕೇಳಲಿಲ್ಲ. ತಮ್ಮ ಬಂದರಿನಲ್ಲಿದ್ದಾನೆ. ಆಣೆ ಮಾಡಿದ್ದಾನೆ. ಅತ್ತು ಸೋತ ಮಾಟ ಇವತ್ತು ನಗುವುದನ್ನು ಕಲಿತಿದೆ.

"ನಗ್ತೀಯಾ?" ಎಂದು ಕೆನ್ನೆಗೆ ಬಾರಿಸಿದ. ನಗು ಆರಿತು. ಕಣ್ಣಲ್ಲಿ ಏನೋ ಅರ್ಥವಾದಂತೆ ಆಯಿತು. ಅದನ್ನು ನೋಡಲಾರದೆ ಗೋಣಿ ಎಳೆದ. ಕೈ ಬೀಸಿದ.

ಹಗ್ಗ ಬಿಗಿಯಿತು. ಕಾಲು ಒದೆಯಿತು. ಮಂಜಿನಲ್ಲಿ ಕೂವೆಮರ ಕಿರುಗುಟ್ಟಿತು. ಕಾಲು ಮತ್ತೆ ಒದೆಯಿತು. ನಿಂತಿತು.

ಚುಕ್ಕಾಣಿಯ ಮುದುಕ ಹೆಣ ಇಳಿಸಿ ಗೋಣಿ ಬಿಚ್ಚಿದ. ಅವನ ಕೈ ಅಲ್ಲೇ ನಿಂತಿತು.

"ತಾಳು, ಬದಲಾಗುತ್ತೆ," ಎಂದ ದಳಪತಿ.

"ದಣಿ..."

"ತಾಳು ಅಂದೆನಲ್ಲ. ಉಸಿರು ನಿಂತ ಮೇಲೆ ಬದಲಾಗುತ್ತೆ."

ನಾವಿಕರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮುದುಕ ಮಂಡಿಯೂರಿ ಸತ್ತವನ ಮುಷ್ಟಿ ಬಿಡಿಸಿದ. ಒಳಗೆ ನೇಣುಹಗ್ಗದ ಒಂದು ಎಳೆ. ಅದರಲ್ಲಿ ಗಂಟುಗಳಿರಲಿಲ್ಲ. ಗಂಟುಗಳಿದ್ದ ಎರಡು ಕಡೆ ಸುಕ್ಕು ಮಾತ್ರ ಉಳಿದಿತ್ತು.

ಕೆಳಗೆ ನೀರಿನಲ್ಲಿ ಹುಟ್ಟಿನ ಸದ್ದಾಯಿತು. ಮಂಜಿನೊಳಗಿಂದ ಬಲೆ ಹೆಣೆಯುವ ಮುದುಕಿ ಬಂದಳು.

"ಮಗನ ದೋಣಿ ತಗೊಂಡು ಹೋಗೋಣ ಅಂತ ಬಂದೆ," ಎಂದಳು. "ನಿನ್ನ ತಮ್ಮನಿಗೆ ಕೊಟ್ಟು ಕಳಿಸಿದ್ದೆ. ರಾತ್ರಿಯೆಲ್ಲ ನಮ್ಮನೆ ಬಾಗಿಲಲ್ಲಿ ಮಂಜಲ್ಲಿ ನೆನೆದುಕೊಂಡು ಕೂತಿದ್ದ. ಕಾಲು ಹಿಡಿದು ಬಿಡಲೇ ಇಲ್ಲ. ನನ್ನ ಮಗನ ಒಣ ಅಂಗಿ ಕೊಟ್ಟೆ. ಅವನೆಲ್ಲಿ?"

ಅವಳು ತಲೆಯೆತ್ತಿ, ಹಡಗಿನ ಅಂಚಿನಿಂದ ಹೊರಗೆ ಜೋತುಬಿದ್ದಿದ್ದ ಅಂಗಿಯ ತೋಳನ್ನು ಕಂಡಳು. ಬಹಳ ಹೊತ್ತು ನೋಡಿದಳು.

"ನಿನ್ನ ಮಾಟ," ಎಂದ ದಳಪತಿ. "ತೆಗಿ ಇದನ್ನ. ಇವನ ಮುಖ ಬದಲಾಯಿಸು."

"ಮಾಟ ಬೆಳಗಾಗೋಕೆ ಮುಂಚೆನೇ ಬಿಚ್ಚಿದೀನಪ್ಪಾ," ಎಂದಳು ಮುದುಕಿ. "ಇವತ್ತು ನೀನು ನೋಡಿದ್ದು ನಿನ್ನ ಕಣ್ಣಿಂದಲೇ."

ಅವಳು ಮಗನ ದೋಣಿಯನ್ನು ತನ್ನ ದೋಣಿಯ ಹಿಂದೆ ಕಟ್ಟಿಕೊಂಡು ಮಂಜಿನಲ್ಲಿ ಮರೆಯಾದಳು. ದಳಪತಿ ಹೆಣದ ಪಕ್ಕ ಕೂತ. ಬಾಯಿಂದ ನಾರು ತೆಗೆದ. ಆಮೇಲೆ ಯಾರನ್ನೂ ಹತ್ತಿರ ಬರಗೊಡದೆ, ತಮ್ಮನ ಮುಖವನ್ನೇ ದಿಟ್ಟಿಸುತ್ತಾ, ಅದು ಬದಲಾಗಲೆಂದು ಕಾಯತೊಡಗಿದ.