ನೀಲವೇಣಿಯ ಮುರಿದ ರೆಕಾರ್ಡ್

"ನಾನು ಮುರಿದಿಲ್ಲ ಆಂಟಿ. ಮುರಿದಿದ್ರೆ ಮುರಿದೆ ಅಂತಾನೇ ಹೇಳ್ತಿದ್ದೆ," ಎಂದಳು ಅಮ್ರೀನ್. ಭಾನುವಾರ ನಾವು ಊಟ ಮುಗಿಸಿ ಏಳುವಷ್ಟರಲ್ಲಿ ಬಂದಿದ್ದಳು. ಕೈಯಲ್ಲಿ ಬಟ್ಟೆ ತುಂಬಿದ ಬ್ಯಾಗಿತ್ತು.

ಆರ್.ಟಿ. ನಗರದಲ್ಲಿ ಏನೇ ಕಳೆದುಹೋದರೂ ಜನ ಮೊದಲು ಬರುವುದು ನನ್ನ ಗೆಳತಿ ಗೋಪಾಲಮ್ಮನ ಬಳಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವಿಡೀ ಬೇರೆಯವರ ದನಿ ಕೇಳಿದ ಕಿವಿ ಅವಳದು. ಪತ್ತೆ ಮಾಡುವ ಬುದ್ಧಿ ಅವಳದಾದರೆ ಸ್ಕೂಟರ್ ನನ್ನದು. ಕೌಸಲ್ಯಾ ಎಂಬ ನನ್ನ ಹೆಸರು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಅಮ್ರೀನಳ ಮಾವ ಅಕ್ಬರ್ ಪಾಷಾ ಅವರ ಮನೆಯಲ್ಲಿ ಪ್ರತಿ ಭಾನುವಾರ ನಜೀರ್ ಸಾಹೇಬರು, ಮುನಿನಾರಾಯಣಪ್ಪ, ಬದರೀನಾಥರು ಎಂಬ ಮೂವರು ಸ್ನೇಹಿತರು ಸೇರಿ ನೀಲವೇಣಿಯ ಹಾಡು ಕೇಳುತ್ತಿದ್ದರು. ಐವತ್ತರ ದಶಕದ ಗಾಯಕಿ. ಅವಳ ಏಕೈಕ ಕನ್ನಡ ಹಾಡಿನ ರೆಕಾರ್ಡ್ ಇದ್ದದ್ದು ಪಾಷಾ ಬಳಿ ಮಾತ್ರ. ಯೂಟ್ಯೂಬಿನಲ್ಲೂ ಅದು ಸಿಗದು. ಇವತ್ತು ಬೆಳಿಗ್ಗೆ ಎಲ್ಲರೂ ಸೇರಿದಾಗ ಕವರಿನಿಂದ ಬಂದದ್ದು ಬರೀ ಚೂರುಗಳು. ನಡುವಿನ ಲೇಬಲ್ಲಂತೂ ಇರಲೇ ಇಲ್ಲ.

"ಈ ವಾರ ರೆಕಾರ್ಡಿದ್ದ ಬೀರು ಸರಿಸಿ ಗೋಡೆಗೆ ಬಣ್ಣ ಹೊಡೆದಿದ್ದು ನಾನೇ ಅಲ್ವಾ, ಅದಕ್ಕೇ ನನ್ನ ಮೇಲೆ ಬಂತು. ಸಂಜೆಯೊಳಗೆ ಒಪ್ಕೊ, ಇಲ್ಲಾಂದ್ರೆ ತವರಿಗೆ ಹೋಗು ಅಂದ್ರು ಮಾವ. ಸಾಕಿಬ್ ಬಾಯೇ ಬಿಡ್ಲಿಲ್ಲ."

ಹೆಂಡತಿಯ ಪರ ಒಂದು ಮಾತಾಡದ ಆ ಸಾಕಿಬನ ಕಿವಿ ಹಿಂಡುವಷ್ಟು ಸಿಟ್ಟು ಬಂತು ನನಗೆ.

ನಾವು ಹೋದಾಗ ಹಾಲ್‌ನಲ್ಲಿ ಪಾಷಾ ಮತ್ತು ಮೂವರು ಸ್ನೇಹಿತರು ಇನ್ನೂ ಕೂತೇ ಇದ್ದರು. ಸಾಕಿಬ್ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅಮ್ರೀನ್ ಗೇಟಿನ ಬಳಿಯೇ ಉಳಿದಳು.

"ಇಂಗಾಗೋಯ್ತಲ್ಲಮ್ಮ," ಎಂದರು ಬಾಗಲೂರಿನ ಮುನಿನಾರಾಯಣಪ್ಪ. "ನಮ್ಮವ್ವ ಈ ಹಾಡು ಹೇಳ್ಕೊಂಡೇ ರಾಗಿ ಬೀಸ್ತಿದ್ಲು."

ಗೋಪಾಲಮ್ಮ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದಳು. ಎರಡೂ ಬದಿಗೆ ಉಗುರು ಆಡಿಸಿ ನೋಡಿದಳು. "ಪಾಷಾ ಸಾಹೇಬ್ರೆ, ನಿಮ್ಮ ರೆಕಾರ್ಡಲ್ಲಿ ಮುಳ್ಳು ಎಲ್ಲೋ ಸಿಕ್ಕಿಕೊಳ್ತಿತ್ತಂತೆ?"

"ಹೌದಮ್ಮಾ. ನಮ್ಮ ಅಬ್ಬಾ ತಂದ ದಿನವೇ ಆಳವಾಗಿ ಗೀರು ಬಿತ್ತು. 'ಹೊಸಿಲ ದಾಟಿ ಒಳಗೆ ಬಾ' ಅನ್ನೋ ಕಡೆ 'ಒಳಗೆ ಬಾ, ಒಳಗೆ ಬಾ' ಅಂತ ನಿಂತುಬಿಡ್ತಾಳೆ. ಮೂರನೇ ಸಲಕ್ಕೆ ನಾನು ಗ್ರಾಮಫೋನ್ ಪೆಟ್ಟಿಗೆ ತಟ್ತೀನಿ. ಆಗ ಮುಂದೆ ಹೋಗ್ತಾಳೆ."

"ನಂಗೂ ಆ ಹಾಡು ಕೇಳ್ಬೇಕು. ಒಬ್ಬೊಬ್ರೇ ಹಾಡ್ತೀರಾ?"

ಇದೆಂಥ ಹೊತ್ತಿನಲ್ಲಿ ಸಂಗೀತ ಎಂದು ನನಗೆ ರೇಗಿತು. ನಜೀರ್ ಸಾಹೇಬರು ಹಾಡಿದರು. ಆ ಸಾಲಿಗೆ ಬಂದಾಗ "ಒಳಗೆ ಬಾ" ಎಂದು ಮೂರು ಸಲ ಹೇಳಿ, ಮೊಣಕಾಲು ತಟ್ಟಿ ಮುಂದುವರಿದರು. ಮುನಿನಾರಾಯಣಪ್ಪನೂ ಹಾಗೆಯೇ ಹಾಡಿ ಕಣ್ಣೊರೆಸಿಕೊಂಡರು. ಬದರೀನಾಥರದು ಎಲ್ಲರಿಗಿಂತ ಒಳ್ಳೆಯ ಕಂಠ. ಕಣ್ಣು ಮುಚ್ಚಿ, ಎಲ್ಲೂ ನಿಲ್ಲದೆ, ಹೊಳೆ ಹರಿದಂತೆ ಹಾಡಿ ಮುಗಿಸಿದರು. ನಾನಂತೂ ತಲೆದೂಗಿಬಿಟ್ಟೆ.

"ಅಮ್ರೀನ್, ಹೋಗ್ಬೇಡ, ಅಲ್ಲೇ ಇರು," ಎಂದು ಕೂಗಿ ಗೋಪಾಲಮ್ಮ ಇತ್ತ ತಿರುಗಿದಳು. "ಈ ಚೂರುಗಳಲ್ಲಿ ಆ ಗೀರೇ ಇಲ್ಲ. ಇದು ಬೇರೆ ಯಾವುದೋ ಹಳೇ ರೆಕಾರ್ಡ್. ಲೇಬಲ್ ಇದ್ರೆ ಗುಟ್ಟು ರಟ್ಟಾಗ್ತಿತ್ತು, ಅದಕ್ಕೇ ಅದನ್ನ ಮಾಯ ಮಾಡಿದ್ದಾರೆ. ನೀಲವೇಣಿ ಮುರಿದಿಲ್ಲ, ಕಳುವಾಗಿದಾಳೆ. ಹೋದ ಭಾನುವಾರ ಎಲ್ಲರೂ ಕೇಳಿದ್ದೀರಿ, ಆಮೇಲೆ ಹೊರಗಿನವರು ಯಾರೂ ಬಂದಿಲ್ಲ ಅಂತ ಅಮ್ರೀನ್ ಹೇಳಿದ್ಲು. ಅಂದ್ರೆ ಅವತ್ತೇ ಅದಲುಬದಲಾಗಿದೆ. ಮಾಡಿದವರು ನಿಮ್ಮಲ್ಲೇ ಒಬ್ಬರು."

ಅವಳು ಒಂದು ಚೂರನ್ನು ಕೈಗೆತ್ತಿಕೊಂಡಳು.

"ಗೀರು ಬಿದ್ದ ರೆಕಾರ್ಡ್ ಕೇಳಿ ಕಲಿತವರು ಗೀರನ್ನೂ ಸೇರಿಸಿಯೇ ಹಾಡ್ತಾರೆ. ಮೊಣಕಾಲು ತಟ್ಟಿದ್ದು ನಜೀರ್ ಸಾಹೇಬ್ರಿಗೇ ಗೊತ್ತಿಲ್ಲ. ಬದರೀನಾಥರೇ, ನೀವು ಒಂದೇ ಸಲಕ್ಕೆ ದಾಟಿದ್ರಿ. ಇಷ್ಟು ವರ್ಷದ ಅಭ್ಯಾಸ ಒಂದೇ ವಾರದಲ್ಲಿ ಹೇಗೆ ಬಿಟ್ಟುಹೋಯ್ತು? ಗೀರಿಲ್ಲದ ಹಾಡು ಎಲ್ಲಿ ಕೇಳಿದ್ರಿ?"

"ಯಶವಂತಪುರದ ಒಂದು ಸ್ಟುಡಿಯೋದಲ್ಲಿ," ಎಂದರು ಬದರೀನಾಥರು. "ಹಾಡನ್ನ ಕಂಪ್ಯೂಟರಿಗೆ ಇಳಿಸಿ ಅದರಲ್ಲಿ ಗೀರು ತೆಗೆಸಿದೆ. ವಾರವೆಲ್ಲ ಅದನ್ನೇ ಕೇಳಿದೆ. ಪಾಷಾ, ಪ್ರತಿ ಭಾನುವಾರ ಆ ಮುಳ್ಳು ಅವಳ ಗಂಟಲು ಕೆರೀತಿತ್ತು ಕಣಯ್ಯ. ಗೀರು ತೆಗೆಸೋಕೆ ಹೊರಗೆ ಕೊಡು ಅಂದ್ರೆ ನೀನು ಕೇಳಲಿಲ್ಲ. ಮುರೀತು ಅಂತ ಅತ್ತು ಸುಮ್ಮನಾಗ್ತೀಯ ಅಂದ್ಕೊಂಡೆ. ಆ ಹುಡುಗಿ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲ."

"ಬೆಳಿಗ್ಗೆ ಗೊತ್ತಾಯ್ತಲ್ಲ! ಆಗ್ಯಾಕೆ ಬಾಯಿ ಮುಚ್ಕೊಂಡು ಕೂತ್ರಿ?" ನಾನು ಕೂಗಿಯೇಬಿಟ್ಟೆ.

ಬದರೀನಾಥರು ಎದ್ದರು. ನಜೀರ್ ಸಾಹೇಬರ ಜೊತೆ ಮನೆಗೆ ಹೋಗಿ, ಶಾಲಿನಲ್ಲಿ ಸುತ್ತಿದ ರೆಕಾರ್ಡ್ ತಂದು ಮೇಜಿನ ಮೇಲಿಟ್ಟರು.

ಪಾಷಾ ಸ್ನೇಹಿತನತ್ತ ನೋಡಲಿಲ್ಲ. ಗೇಟಿನತ್ತ ನೋಡಿದರು. ಕೊನೆಗೆ ಗ್ರಾಮಫೋನಿಗೆ ಕೀಲಿ ಕೊಟ್ಟು, ಮುಳ್ಳು ಇಟ್ಟು, ಬಾಗಿಲಿಗೆ ಬಂದು ನಿಂತರು.

ನೀಲವೇಣಿ ಹಾಡಿದಳು. ಹೊಸಿಲ ದಾಟಿ ಒಳಗೆ ಬಾ. ಒಳಗೆ ಬಾ. ಒಳಗೆ ಬಾ. ನಜೀರ್ ಸಾಹೇಬರ ಕೈ ಮೊಣಕಾಲು ತಟ್ಟಿತು. ಪಾಷಾ ಮಾತ್ರ ಕದಲಲಿಲ್ಲ. ಒಳಗೆ ಬಾ, ಒಳಗೆ ಬಾ ಎಂದು ಅವಳು ಕರೆಯುತ್ತಲೇ ಇದ್ದಳು. ಸೊಸೆಯನ್ನೇ ನೋಡುತ್ತಿದ್ದ ಮುದುಕನ ಗಡ್ಡ ಒದ್ದೆಯಾಗಿತ್ತು.

ಅಮ್ರೀನ್ ಬೇಗ ಕರಗಲಿಲ್ಲ. ಸಾಕಷ್ಟು ಹೊತ್ತು ಕರೆಸಿಕೊಂಡಳು. ನನಗೆ ಅದು ಹಿಡಿಸಿತು. ಸಾಕಿಬ್ ಗೇಟಿಗೆ ಓಡಿ ಬ್ಯಾಗಿಗೆ ಕೈ ಹಾಕಿದ. ಅವಳು ಕೊಡಲಿಲ್ಲ. ತಾನೇ ಹೊತ್ತು ಹೊಸಿಲು ದಾಟಿ ಬಂದಳು, ಮಾವನ ಪಕ್ಕದಲ್ಲೇ ಹಾದು, ಬೆರಳಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದಳು.

ನೀಲವೇಣಿ ಮುಂದಿನ ಸಾಲಿಗೆ ಹೋದಳು.